ಮೇನ್ ಮುಂದೆ ಹೋಗಿದೆ, ನಮ್ಮ ಬ್ರಾಂಚ್ ಎಲ್ಲಿದೆ?

ಒಂದೇ ಸಾಫ್ಟ್‌ವೇರ್ ಮೇಲೆ ಹತ್ತು ಮಂದಿ ಕೆಲಸ ಮಾಡುವ ಯಾವ ತಂಡಕ್ಕೆ ಹೋದರೂ ಈ ಮಾತು ಕಿವಿಗೆ ಬೀಳುತ್ತದೆ: ‘ಮೇನ್‌ಗೆ ಪುಶ್ ಮಾಡಿದೀನಿ, ಎಲ್ಲರೂ ಪುಲ್ ತಗೊಳ್ಳಿ.’ ಕೇಳಿಸಿಕೊಂಡವರಲ್ಲಿ ಒಬ್ಬರಿಗೆ ಆ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಪಕ್ಕದಲ್ಲೇ ಕೂತ ಇನ್ನೊಬ್ಬರಿಗೆ ಊಟದ ಹೊತ್ತಾದರೂ ಮುಗಿಯುವುದಿಲ್ಲ. ಇಬ್ಬರ ಜಾಣತನದಲ್ಲಿ ಹೆಚ್ಚುಕಡಿಮೆ ಏನಿಲ್ಲ. ಮೊದಲನೆಯವರ ಬ್ರಾಂಚ್‌ಗೆ ಎರಡು ದಿನದ ವಯಸ್ಸು, ಎರಡನೆಯವರದಕ್ಕೆ ಎರಡು ತಿಂಗಳು.

ಗಿಟ್ ಬಂದು ಇಪ್ಪತ್ತು ವರ್ಷ ದಾಟಿತು. ಅಷ್ಟೂ ಕಾಲ ಎಂಜಿನಿಯರುಗಳ ನಡುವೆ ಮರ್ಜ್ ಮೇಲೋ ರಿಬೇಸ್ ಮೇಲೋ ಎಂಬ ವಾದ ನಡೆದೇ ಇದೆ. ಎರಡೂ ಕಡೆಯ ಮಾತುಗಳನ್ನು, ಅವುಗಳ ಸುತ್ತ ಬೆಳೆದ ಪದ್ಧತಿಗಳನ್ನು ನೋಡುತ್ತ ಬಂದ ನನಗೆ ಆಜ್ಞೆಯ ಆಯ್ಕೆಗಿಂತ ಎರಡು ಪ್ರಶ್ನೆಗಳು ದೊಡ್ಡವಾಗಿ ಕಾಣುತ್ತವೆ. ನಮ್ಮ ಬ್ರಾಂಚ್ ಹಂಚಿಕೊಂಡ ರೆಪೊದಿಂದ ಬೇರೆಯಾಗಿ ಎಷ್ಟು ಕಾಲವಾಯಿತು? ಆ ಬ್ರಾಂಚ್ ಮೇಲೆ ನಮ್ಮನ್ನು ಬಿಟ್ಟು ಇನ್ಯಾರ ಕೆಲಸ ನಿಂತಿದೆ? ಇವೆರಡಕ್ಕೆ ಉತ್ತರ ಗೊತ್ತಿದ್ದರೆ ಮರ್ಜ್ ಬೇಕೋ ರಿಬೇಸ್ ಬೇಕೋ ಎಂಬುದು ಹೆಚ್ಚಿನ ಸಲ ತಾನಾಗಿ ತೀರ್ಮಾನವಾಗುತ್ತದೆ.

ನಮ್ಮ ಪ್ರತಿ ಮತ್ತು ಎಲ್ಲರ ಪ್ರತಿಯ ನಡುವಿನ ಈ ತೊಡಕು ಗಿಟ್‌ಗಿಂತ ಬಹಳ ಹಳೆಯದು. 1970ರ ದಶಕದಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಕ್‌ಕೈಂಡ್ ರೂಪಿಸಿದ ಎಸ್‌ಸಿಸಿಎಸ್, 1980ರ ದಶಕದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ವಾಲ್ಟರ್ ಟಿಶಿ ರೂಪಿಸಿದ ಆರ್‌ಸಿಎಸ್ ಎರಡೂ ಬೀಗದ ಪದ್ಧತಿಯವು. ಒಬ್ಬರು ಫೈಲನ್ನು ತಿದ್ದಲು ತೆಗೆದುಕೊಂಡರೆ ಅವರು ಬಿಟ್ಟುಕೊಡುವವರೆಗೆ ಬೇರೆಯವರು ಓದಬಹುದು, ತಿದ್ದುವಂತಿಲ್ಲ. ಘರ್ಷಣೆ ತಪ್ಪಿತು, ಕಾಯುವುದು ತಪ್ಪಲಿಲ್ಲ. ಬೀಗ ಹಾಕಿದವರು ಊರಿಗೆ ಹೋದರೆ ಕೆಲಸ ನಿಂತುಹೋಗುತ್ತಿತ್ತು. ಆಮ್‌ಸ್ಟರ್‌ಡ್ಯಾಮಿನಲ್ಲಿ ಡಿಕ್ ಗ್ರೂನ್ 1986ರಲ್ಲಿ ಹೊರತಂದ ಸಿವಿಎಸ್ ಈ ಬೀಗವನ್ನು ತೆಗೆಯಿತು. ಎಲ್ಲರೂ ಒಟ್ಟಿಗೆ ತಿದ್ದಿ, ಒಪ್ಪಿಸುವ ಮುನ್ನ ಅಪ್‌ಡೇಟ್ ಮಾಡಿ, ಒಂದೇ ಸಾಲಿಗೆ ಇಬ್ಬರು ಕೈ ಹಾಕಿದ್ದರೆ ಮಾತ್ರ ಕೂತು ಬಿಡಿಸಿ ಎಂದಿತು. 2004ರಲ್ಲಿ ಮೊದಲ ಪೂರ್ಣ ಆವೃತ್ತಿ ಕಂಡ ಸಬ್‌ವರ್ಷನ್ ಕೂಡ ಅದೇ ದಾರಿ ಹಿಡಿಯಿತು.

ಅಲ್ಲಿ ಒಂದು ಅಪಾಯ ಉಳಿದೇ ಇತ್ತು. ಅಪ್‌ಡೇಟ್ ಮಾಡಿದರೆ ಬೇರೆಯವರ ಬದಲಾವಣೆ ನೇರವಾಗಿ ಬಂದು, ನಾವು ಇನ್ನೂ ಎಲ್ಲೂ ಉಳಿಸಿರದ ಅರೆಬರೆ ಕೆಲಸದೊಳಗೆ ಬೆರೆತುಹೋಗುತ್ತಿತ್ತು. ಬೆರೆತದ್ದು ಸರಿಬರದಿದ್ದರೆ ಮೊದಲಿದ್ದ ಸ್ಥಿತಿಗೆ ಮರಳುವುದು ಸುಲಭವಿರಲಿಲ್ಲ. 2005ರ ಏಪ್ರಿಲ್‌ನಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದಾಗ ಈ ಕ್ರಮ ತಿರುವುಮುರುವಾಯಿತು. ಲಿನಕ್ಸ್ ಕರ್ನೆಲ್ ತಂಡ 2002ರಿಂದ ಬಳಸುತ್ತಿದ್ದ ಬಿಟ್‌ಕೀಪರ್‌ನ ಉಚಿತ ಬಳಕೆ ನಿಂತುಹೋಗಿ, ಬದಲಿ ವ್ಯವಸ್ಥೆ ತುರ್ತಾಗಿ ಬೇಕಾಗಿತ್ತು. ಏಪ್ರಿಲ್ 3ಕ್ಕೆ ಶುರುವಾದ ಗಿಟ್, ಏಪ್ರಿಲ್ 7ರ ಹೊತ್ತಿಗೆ ತನ್ನ ಕೋಡನ್ನು ತಾನೇ ನೋಡಿಕೊಳ್ಳುವಷ್ಟು ಬೆಳೆದಿತ್ತು. ಅದೇ ವರ್ಷದ ಜುಲೈನಲ್ಲಿ ಜುನಿಯೊ ಹಮಾನೊ ಅದರ ಉಸ್ತುವಾರಿ ವಹಿಸಿಕೊಂಡರು. ಗಿಟ್‌ನಲ್ಲಿ ಮೊದಲು ನಮ್ಮ ಕೆಲಸವನ್ನು ನಮ್ಮಲ್ಲೇ ಕಮಿಟ್ ಮಾಡುತ್ತೇವೆ, ಆಮೇಲೆ ಬೇರೆಯವರದರೊಂದಿಗೆ ಕೂಡಿಸುತ್ತೇವೆ. ಕೂಡಿಸುವುದು ಕೆಟ್ಟರೂ ನಮ್ಮ ಕಮಿಟ್ ಇದ್ದಲ್ಲೇ ಇರುತ್ತದೆ. ಈ ನೆಮ್ಮದಿಗೆ ತೆರಬೇಕಾದ ಬೆಲೆಯೆಂದರೆ, ಪ್ರತಿಯೊಬ್ಬರ ಲ್ಯಾಪ್‌ಟಾಪೂ ಪೂರ್ಣ ಇತಿಹಾಸವಿರುವ ಸ್ವತಂತ್ರ ರೆಪೊ ಆಗಿ, ಅವುಗಳನ್ನು ಹೊಂದಿಸಿಕೊಳ್ಳುವ ಹೊಣೆ ನಮ್ಮ ತಲೆಯ ಮೇಲೆ ಬಂತು.

ಗೊಂದಲ ಹುಟ್ಟುವ ಜಾಗವನ್ನು ಹತ್ತಿರದಿಂದ ನೋಡೋಣ. ಮೇನ್ ಎಂದು ನಾವು ಕರೆಯುವಲ್ಲಿ ನಿಜಕ್ಕೂ ಮೂರು ಬೇರೆಬೇರೆ ಗುರುತುಗಳಿವೆ. ಸರ್ವರಿನಲ್ಲಿರುವ ಮೇನ್ ಒಂದು. ನಾವು ಕಮಿಟ್ ಮಾಡುವ, ನಮ್ಮ ಯಂತ್ರದ ಮೇನ್ ಇನ್ನೊಂದು. ಮೂರನೆಯದರ ಹೆಸರು ಒರಿಜಿನ್/ಮೇನ್. ಅದೂ ನಮ್ಮ ಯಂತ್ರದಲ್ಲೇ ಇರುತ್ತದೆ. ಕಳೆದ ಸಲ ಸರ್ವರನ್ನು ಮಾತಾಡಿಸಿದಾಗ ಅಲ್ಲಿನ ಮೇನ್ ಯಾವ ಕಮಿಟ್ ಮೇಲಿತ್ತು ಎಂಬ ನೆನಪನ್ನು ಅದು ಹಿಡಿದಿಟ್ಟಿರುತ್ತದೆ. ಗಿಟ್ ಸ್ಟೇಟಸ್ ಎಂದು ಹೊಡೆದರೆ ‘ಯುವರ್ ಬ್ರಾಂಚ್ ಈಸ್ ಅಪ್ ಟು ಡೇಟ್ ವಿತ್ ಒರಿಜಿನ್/ಮೇನ್’ ಎಂಬ ಸಾಲು ಬರುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರು ಅದನ್ನು ಓದಿ, ಸರ್ವರಿನಲ್ಲಿ ಇರುವುದೆಲ್ಲ ನಮ್ಮಲ್ಲೂ ಇದೆ ಎಂದುಕೊಳ್ಳುತ್ತಾರೆ. ಆದರೆ ಸ್ಟೇಟಸ್ ನೆಟ್‌ವರ್ಕನ್ನು ಮುಟ್ಟುವುದೇ ಇಲ್ಲ. ವೈಫೈ ಆರಿಸಿ ಹೊಡೆದರೂ ಉತ್ತರ ಅದೇ. ಹೋದ ವಾರದ ಪತ್ರಿಕೆ ಓದಿ ಇವತ್ತಿನ ಸುದ್ದಿ ಹೇಳಿದಂತೆ ಅದು ಹಳೆಯ ನೆನಪಿನೊಂದಿಗೆ ಹೋಲಿಸಿ ಮಾತಾಡುತ್ತದೆ.

ಆ ನೆನಪನ್ನು ಹೊಸದು ಮಾಡುವ ಆಜ್ಞೆ ಗಿಟ್ ಫೆಚ್. ಅದು ಸರ್ವರಿನಿಂದ ಹೊಸ ಕಮಿಟ್‌ಗಳನ್ನು ಇಳಿಸಿಕೊಂಡು ಒರಿಜಿನ್/ಮೇನ್ ಅನ್ನು ಮುಂದಕ್ಕೆ ಸರಿಸುತ್ತದೆ. ನಮ್ಮ ಬ್ರಾಂಚ್, ನಮ್ಮ ಫೈಲ್, ನಾವು ಅರ್ಧ ಟೈಪ್ ಮಾಡಿಟ್ಟ ಸಾಲು ಯಾವುದನ್ನೂ ಮುಟ್ಟುವುದಿಲ್ಲ. ಇಷ್ಟು ನಿರಪಾಯವಾದ ಆಜ್ಞೆ ಗಿಟ್‌ನಲ್ಲಿ ಕೆಲವೇ ಇವೆ. ಹೀಗಿದ್ದೂ ಇದನ್ನು ಬಿಡಿಯಾಗಿ ಬಳಸುವವರು ಕಡಿಮೆ, ನೇರ ಪುಲ್‌ಗೆ ಹೋಗುವವರೇ ಹೆಚ್ಚು. ಫೆಚ್ ಮಾಡಿ, ‘ವಿವಿ’ ಆಯ್ಕೆಯೊಂದಿಗೆ ಗಿಟ್ ಬ್ರಾಂಚ್ ಕೊಟ್ಟು ನೋಡಿ. ನಿಮ್ಮ ಪ್ರತಿ ಬ್ರಾಂಚಿನ ಪಕ್ಕದಲ್ಲೂ ಲೆಕ್ಕ ಕಾಣುತ್ತದೆ. ‘ಬಿಹೈಂಡ್ 5’ ಎಂದಷ್ಟೇ ಇದ್ದರೆ ನಮ್ಮದೇನೂ ಸೇರಿಲ್ಲ, ಬೇರೆಯವರ ಐದು ಕಮಿಟ್ ಬಂದಿವೆ. ನಮ್ಮ ಗುರುತನ್ನು ಮುಂದಕ್ಕೆ ಸರಿಸಿದರೆ ಸಾಕು, ಇದೇ ಫಾಸ್ಟ್ ಫಾರ್ವರ್ಡ್. ‘ಅಹೆಡ್ 2’ ಎಂದಷ್ಟೇ ಇದ್ದರೆ ಪುಶ್ ಮಾಡುವುದು ಬಾಕಿ. ‘ಅಹೆಡ್ 2, ಬಿಹೈಂಡ್ 5’ ಎಂದು ಎರಡೂ ಒಟ್ಟಿಗೆ ಕಂಡರೆ ದಾರಿ ಕವಲೊಡೆದಿದೆ, ಈಗ ಒಂದು ತೀರ್ಮಾನ ಬೇಕು. ಪಟ್ಟಿಯಲ್ಲಿ ‘ಗಾನ್’ ಎಂದಿದ್ದರೆ ಸರ್ವರಿನಲ್ಲಿ ಆ ಬ್ರಾಂಚನ್ನು ಅಳಿಸಲಾಗಿದೆ. ಆದರೆ ಈ ಮಾಹಿತಿ ಸಿಗಬೇಕಾದರೆ ಫೆಚ್ ಜೊತೆ ಪ್ರೂನ್ ಆಯ್ಕೆ ಇರಬೇಕು. ಇಲ್ಲದಿದ್ದರೆ ಅಳಿದುಹೋದ ಬ್ರಾಂಚುಗಳ ನೆನಪು ನಮ್ಮ ಯಂತ್ರದಲ್ಲಿ ವರ್ಷಗಟ್ಟಲೆ ಉಳಿದಿರುತ್ತದೆ.

ಪುಲ್ ಎಂದರೆ ಫೆಚ್ ಮಾಡಿ ತಕ್ಷಣ ಕೂಡಿಸುವುದು. ತೊಂದರೆ ಇರುವುದು ಆ ‘ತಕ್ಷಣ’ದಲ್ಲಿ. ಏನು ಬಂದಿದೆ ಎಂದು ನೋಡುವ ಮೊದಲೇ ಅದು ನಮ್ಮ ಬ್ರಾಂಚಿಗೆ ಸೇರಿಬಿಟ್ಟಿರುತ್ತದೆ. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಪುಲ್, ದಾರಿ ಕವಲೊಡೆದಿದ್ದರೆ ಕೇಳದೆಯೇ ಮರ್ಜ್ ಮಾಡಿಬಿಡುತ್ತಿತ್ತು. ಹಾಗಾಗಿ ಸಾವಿರಾರು ರೆಪೊಗಳ ಇತಿಹಾಸದಲ್ಲಿ ಯಾರೂ ಉದ್ದೇಶಿಸದ, ಯಾರಿಗೂ ಅರ್ಥ ಕೊಡದ ಮರ್ಜ್ ಕಮಿಟ್‌ಗಳು ತುಂಬಿಕೊಂಡವು. 2020ರಲ್ಲಿ ಬಂದ 2.27ನೇ ಆವೃತ್ತಿ, ಹೇಗೆ ಕೂಡಿಸಬೇಕೆಂದು ನೀವು ಹೇಳಿಲ್ಲ ಎಂದು ಎಚ್ಚರಿಸತೊಡಗಿತು. 2021ರಿಂದ, ಕವಲೊಡೆದ ಬ್ರಾಂಚಿನಲ್ಲಿ ನಿಂತು ಬರೀ ಪುಲ್ ಎಂದರೆ ಗಿಟ್ ಕೂಡಿಸದೆ ನಿಂತುಬಿಡುತ್ತದೆ. ಮರ್ಜೋ, ರಿಬೇಸೋ, ಬರೀ ಫಾಸ್ಟ್ ಫಾರ್ವರ್ಡೋ ತಿಳಿಸಿ ಎನ್ನುತ್ತದೆ. ಇದು ಬಹಳ ಮೊದಲೇ ಆಗಬೇಕಿದ್ದ ತಿದ್ದುಪಡಿ. ಆದರೆ ಆ ಸಂದೇಶ ಕಂಡವರಲ್ಲಿ ಅನೇಕರು ಹುಡುಕಾಡಿ, ಮೊದಲು ಸಿಕ್ಕ ಸಾಲನ್ನು ನಕಲು ಮಾಡಿ ಸೆಟ್ಟಿಂಗ್ ಹಾಕಿಕೊಂಡು ಮುಂದೆ ಹೋಗುತ್ತಾರೆ. ಗಿಟ್ ಕೇಳಿದ ಪ್ರಶ್ನೆಗೆ ಉತ್ತರ ಅವರ ಯಂತ್ರದಲ್ಲಿ ದಾಖಲಾಗುತ್ತದೆ, ಮನಸ್ಸಿನಲ್ಲಿ ಆಗುವುದಿಲ್ಲ. ನನ್ನನ್ನು ಕೇಳಿದರೆ ಎಲ್ಲರ ಯಂತ್ರದಲ್ಲೂ ‘ಪುಲ್ ಎಫ್‌ಎಫ್ ಓನ್ಲಿ’ ಇರಲಿ. ಸರಳವಾಗಿ ಮುಂದೆ ಸರಿಯಬಹುದಾದರೆ ಸರಿಯುತ್ತದೆ, ಇಲ್ಲವಾದರೆ ನಿಂತು ನಮ್ಮನ್ನು ಕೂಗುತ್ತದೆ.

ಇನ್ನು ಕವಲೊಡೆದ ಮೇಲಿನ ಮಾತು. ಮರ್ಜ್ ಮಾಡಿದರೆ ಎರಡೂ ಇತಿಹಾಸಗಳು ಇದ್ದಂತೆಯೇ ಉಳಿದು, ಇಬ್ಬರು ತಾಯಂದಿರಿರುವ ಹೊಸ ಕಮಿಟ್ ಒಂದು ಹುಟ್ಟುತ್ತದೆ. ರಿಬೇಸ್ ಮಾಡಿದರೆ ನಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಎತ್ತಿ ಹೊಸ ಮೇನ್ ತುದಿಯ ಮೇಲೆ ಮತ್ತೆ ಹಚ್ಚಲಾಗುತ್ತದೆ. ಹಚ್ಚಿದ ಮೇಲೆ ಅವು ಹಳೆಯ ಕಮಿಟ್‌ಗಳಾಗಿ ಉಳಿಯುವುದಿಲ್ಲ. ಕಮಿಟ್‌ನ ಗುರುತಿನ ಸಂಖ್ಯೆ ಅದರ ಒಳಗಿನದ್ದನ್ನೂ ಅದರ ತಾಯಿಯನ್ನೂ ಸೇರಿಸಿ ಲೆಕ್ಕ ಹಾಕಿದ್ದಾದ್ದರಿಂದ, ತಾಯಿ ಬದಲಾದರೆ ಗುರುತೂ ಬದಲಾಗುತ್ತದೆ. ಮರ್ಜ್ ಪಕ್ಷದವರು, ನಡೆದದ್ದು ನಡೆದಂತೆ ದಾಖಲಾಗಲಿ ಎನ್ನುತ್ತಾರೆ. ರಿಬೇಸ್ ಪಕ್ಷದವರು, ಮುಂದೆ ಓದುವವರಿಗೆ ನೇರ ಸಾಲು ಸಿಗಲಿ, ದೋಷ ಹುಟ್ಟಿದ ಕಮಿಟ್ ಹುಡುಕಲು ಬೈಸೆಕ್ಟ್ ಓಡಿಸುವಾಗ ದಾರಿ ತಪ್ಪದಿರಲಿ ಎನ್ನುತ್ತಾರೆ. ಎರಡೂ ಒಪ್ಪತಕ್ಕ ಮಾತುಗಳೇ.

ಈ ವಾದಕ್ಕೆ ನೆಲದ ಮೇಲಿನ ಉತ್ತರ ಬೇಕಾದರೆ ಗಿಟ್ ಹುಟ್ಟಿದ ಮನೆಯಾದ ಲಿನಕ್ಸ್ ಕರ್ನೆಲನ್ನೇ ನೋಡಬೇಕು. ಅಲ್ಲಿ ಪ್ರತಿ ಬಿಡುಗಡೆಯ ಬೆನ್ನಲ್ಲೇ, ಮುಂದಿನ ಬಿಡುಗಡೆಗಾಗಿ ಸುಮಾರು ಎರಡು ವಾರ ಮರ್ಜ್ ವಿಂಡೊ ತೆರೆದಿರುತ್ತದೆ. ನೆಟ್‌ವರ್ಕಿಂಗ್, ಫೈಲ್ ಸಿಸ್ಟಮ್, ಗ್ರಾಫಿಕ್ಸ್ ಹೀಗೆ ಒಂದೊಂದು ಉಪವಿಭಾಗ ನೋಡಿಕೊಳ್ಳುವವರು ತಮ್ಮ ಬ್ರಾಂಚನ್ನು ಎಳೆದುಕೊಳ್ಳಿ ಎಂದು ಟೊರ್ವಾಲ್ಡ್ಸ್‌ಗೆ ಕೇಳುತ್ತಾರೆ. ಅವರ ಸಂಹಿತೆ ಕರ್ನೆಲಿನ ಕೈಪಿಡಿಯಲ್ಲೇ ಬರೆದಿದೆ. ನಿಮ್ಮಲ್ಲೇ ಇರುವ, ಯಾರೂ ನೋಡದ ಕೆಲಸವನ್ನು ಬೇಕಾದಂತೆ ರಿಬೇಸ್ ಮಾಡಿ ಚೊಕ್ಕ ಮಾಡಿಕೊಳ್ಳಿ. ಒಮ್ಮೆ ಹೊರಗಿಟ್ಟು, ಅದರ ಮೇಲೆ ಬೇರೆಯವರು ಕೆಲಸ ಕಟ್ಟಿದ ಮೇಲೆ ಮುಟ್ಟಬೇಡಿ. ಬಿಡುಗಡೆಯ ಹೊಸ್ತಿಲಲ್ಲಿ ರಿಬೇಸ್ ಮಾಡಿದರೆ, ಅದುವರೆಗೆ ಮಾಡಿದ ಪರೀಕ್ಷೆಯ ಬೆಲೆ ಹೋಗುತ್ತದೆ, ಏಕೆಂದರೆ ಪರೀಕ್ಷೆಗೆ ಒಳಗಾದ ಕೋಡ್ ಈಗ ಬೇರೆ ನೆಲದ ಮೇಲೆ ನಿಂತಿದೆ.

ಅದೇ ಕೈಪಿಡಿಯಲ್ಲಿ, ನಮ್ಮ ಕಚೇರಿಗಳ ರೂಢಿಗೆ ನೇರ ವಿರುದ್ಧವಾದ ಇನ್ನೊಂದು ಸಲಹೆಯಿದೆ: ಮೇಲಿನ ಮೇನ್ ಅನ್ನು ನಿಮ್ಮ ಬ್ರಾಂಚಿಗೆ ಸುಮ್ಮಸುಮ್ಮನೆ ಮತ್ತೆಮತ್ತೆ ಮರ್ಜ್ ಮಾಡಿಕೊಳ್ಳಬೇಡಿ, ಕಾರಣವಿದ್ದಾಗ ಮಾತ್ರ ಮಾಡಿ, ಮಾಡುವುದಾದರೆ ಹೆಸರಿಟ್ಟು ಬಿಟ್ಟ ಬಿಂದುವಿನಿಂದ ಮಾಡಿ, ಯಾಕೆ ಮಾಡಿದಿರೆಂದು ಕಮಿಟ್ ಸಂದೇಶದಲ್ಲಿ ಬರೆಯಿರಿ. ಕಾನ್‌ಫ್ಲಿಕ್ಟ್ ಬರುತ್ತದೆಂಬ ಅಂಜಿಕೆಯಿಂದ ಮುಂಚಿತವಾಗಿ ಕೂಡಿಸುವುದೂ ಬೇಡ, ಎಲ್ಲೆಲ್ಲಿ ತಿಕ್ಕಾಟವಿದೆ ಎಂದು ಟೊರ್ವಾಲ್ಡ್ಸ್‌ಗೇ ಕಾಣಲಿ ಎಂಬುದು ಅಲ್ಲಿನ ನಿಲುವು. ಹಾಗಾದರೆ ತಿಕ್ಕಾಟ ಮೊದಲೇ ತಿಳಿಯುವುದು ಹೇಗೆ? ಅದಕ್ಕೆ ಲಿನಕ್ಸ್ ನೆಕ್ಸ್ಟ್ ಎಂಬ ಬೇರೆಯೇ ಮರವಿದೆ. 2008ರಿಂದ ಸ್ಟೀಫನ್ ರಾತ್‌ವೆಲ್ ಅದರಲ್ಲಿ ಎಲ್ಲ ಉಪವಿಭಾಗಗಳ ಬ್ರಾಂಚುಗಳನ್ನು ಒಟ್ಟು ಕೂಡಿಸಿ, ಎಲ್ಲಿ ಒಡೆಯುತ್ತದೆ ಎಂದು ಆಯಾ ವಿಭಾಗದವರಿಗೆ ತಿಳಿಸುತ್ತ ಬಂದರು. ಆ ಮರವನ್ನು ಮತ್ತೆಮತ್ತೆ ಹೊಸದಾಗಿ ಕಟ್ಟಲಾಗುತ್ತದೆ, ಅದರ ಮೇಲೆ ಯಾರೂ ತಮ್ಮ ಕೆಲಸ ಕಟ್ಟುವುದಿಲ್ಲ. ಇಷ್ಟು ದೊಡ್ಡ ತಂಡಕ್ಕೂ ಮರ್ಜ್ ಬೇಕು, ರಿಬೇಸೂ ಬೇಕು. ಯಾವುದನ್ನು ಎಲ್ಲಿ ಎಂಬುದನ್ನು ಆ ಕೆಲಸವನ್ನು ಯಾರ್ಯಾರು ನೋಡಿದ್ದಾರೆ ಎಂಬುದೇ ತೀರ್ಮಾನಿಸುತ್ತದೆ.

ಇದನ್ನು ಸಾಮಾನ್ಯ ಕಚೇರಿಯ ಅಳತೆಗೆ ಇಳಿಸಿದರೆ ಹೀಗಾಗುತ್ತದೆ. ನಾನೊಬ್ಬನೇ ಕೆಲಸ ಮಾಡುವ ಫೀಚರ್ ಬ್ರಾಂಚನ್ನು ದಿನವೂ ಮೇನ್ ಮೇಲೆ ರಿಬೇಸ್ ಮಾಡಿಕೊಳ್ಳಬಹುದು. ಇಬ್ಬರು ಹಂಚಿಕೊಂಡ ಬ್ರಾಂಚ್ ಆದರೆ ಮರ್ಜ್ ಮಾಡಬೇಕು, ಇಲ್ಲವೇ ರಿಬೇಸ್‌ಗೆ ಮೊದಲು ಇನ್ನೊಬ್ಬರನ್ನು ಕೇಳಬೇಕು. ರಿವ್ಯೂ ನಡುವೆ ಇರುವ ಪುಲ್ ರಿಕ್ವೆಸ್ಟ್ (ಪಿಆರ್) ಇವೆರಡರ ಮಧ್ಯದ್ದು: ರಿವ್ಯೂ ಮಾಡುವವರು ಒಮ್ಮೆ ಓದಿದ್ದನ್ನು ರಿಬೇಸ್ ಮಾಡಿಬಿಟ್ಟರೆ, ತಾವು ನೋಡಿದ ಮೇಲೆ ಏನು ಬದಲಾಯಿತೆಂದು ಅವರಿಗೆ ತಿಳಿಯುವುದು ಕಷ್ಟವಾಗುತ್ತದೆ.

ರಿಬೇಸ್ ಮಾಡಿದ ಬ್ರಾಂಚನ್ನು ಪುಶ್ ಮಾಡಹೋದರೆ ಸರ್ವರ್ ತಿರಸ್ಕರಿಸುತ್ತದೆ, ಏಕೆಂದರೆ ಅದರ ಕಣ್ಣಿಗೆ ನಾವು ಹಳೆಯ ಕಮಿಟ್‌ಗಳನ್ನು ಬಿಸಾಡುತ್ತಿದ್ದೇವೆ. ಆಗ ಫೋರ್ಸ್ ಪುಶ್ ಬೇಕು. ಈ ಹೊತ್ತಿನಲ್ಲಿ ಆಗುವಷ್ಟು ನಷ್ಟ ಸಿಂಕ್‌ನ ಬೇರಾವ ಹಂತದಲ್ಲೂ ಆಗುವುದಿಲ್ಲ. ನಾವು ಕೊನೆಯ ಸಲ ಫೆಚ್ ಮಾಡಿದ ಮೇಲೆ ಸಹೋದ್ಯೋಗಿ ಅದೇ ಬ್ರಾಂಚಿಗೆ ಏನಾದರೂ ಪುಶ್ ಮಾಡಿದ್ದರೆ, ಬರೀ ಫೋರ್ಸ್ ಅದನ್ನು ಸದ್ದಿಲ್ಲದೆ ಅಳಿಸಿಹಾಕುತ್ತದೆ. 2013ರಲ್ಲಿ 1.8.5ನೇ ಆವೃತ್ತಿಯೊಂದಿಗೆ ಬಂದ ‘ಫೋರ್ಸ್ ವಿತ್ ಲೀಸ್’ ಇದಕ್ಕೆ ಕಾವಲು. ಸರ್ವರಿನ ಬ್ರಾಂಚ್ ನಮ್ಮ ನೆನಪಿನಲ್ಲಿದ್ದ ಜಾಗದಲ್ಲೇ ಇದ್ದರೆ ಮಾತ್ರ ಒಪ್ಪಿ, ಬದಲಾಗಿದ್ದರೆ ಬೇಡ ಎಂದು ಅದು ಸರ್ವರಿಗೆ ಹೇಳುತ್ತದೆ.

ಆ ಕಾವಲಿನಲ್ಲೂ ಒಂದು ಬಿರುಕಿದೆ. ನಾವು ಬಳಸುವ ಎಡಿಟರುಗಳಲ್ಲಿ ಅನೇಕವು ಹಿನ್ನೆಲೆಯಲ್ಲಿ ತಾವೇ ಫೆಚ್ ಮಾಡುತ್ತಿರುತ್ತವೆ. ಸಹೋದ್ಯೋಗಿಯ ಹೊಸ ಕಮಿಟ್ ಹೀಗೆ ನಮಗೆ ಗೊತ್ತಿಲ್ಲದೆ ಇಳಿದು, ಒರಿಜಿನ್ ಗುರುತು ಮುಂದೆ ಸರಿದಿರುತ್ತದೆ. ನೆನಪು ಹೊಸದಾಗಿದೆ, ನಾವು ಓದಿಲ್ಲ, ಲೀಸ್ ಮಾತ್ರ ಎಲ್ಲ ಸರಿಯಿದೆ ಎನ್ನುತ್ತದೆ. 2020ರ ಕೊನೆಯಲ್ಲಿ ಬಂದ 2.30ನೇ ಆವೃತ್ತಿ ಇದಕ್ಕೆಂದೇ ‘ಫೋರ್ಸ್ ಇಫ್ ಇನ್‌ಕ್ಲೂಡ್ಸ್’ ಆಯ್ಕೆ ಸೇರಿಸಿತು. ಇಳಿದು ಬಂದದ್ದು ನಮ್ಮ ಬ್ರಾಂಚಿನ ಕೆಲಸದಲ್ಲಿ ಒಮ್ಮೆಯಾದರೂ ಸೇರಿತ್ತೇ ಎಂದು ಅದು ಪರಿಶೀಲಿಸುತ್ತದೆ. ಗಿಟ್‌ನದೇ ಮೇಂಟೆನೆನ್ಸ್ ವ್ಯವಸ್ಥೆ ಗಂಟೆಗೊಮ್ಮೆ ಮಾಡುವ ಪ್ರಿಫೆಚ್ ಇನ್ನೂ ಜಾಣತನದ್ದು. ಡೇಟಾ ಇಳಿಸಿಕೊಂಡರೂ ಅದನ್ನು ಬೇರೆ ಗುರುತಿನಡಿ ಇಡುತ್ತದೆ, ಒರಿಜಿನ್/ಮೇನ್ ಅನ್ನು ಅಲುಗಿಸುವುದಿಲ್ಲ. ಫೆಚ್ ವೇಗವಾಗುತ್ತದೆ, ಲೀಸ್ ಕೆಡುವುದಿಲ್ಲ.

ಎದುರುಗಡೆ ಕೂತವರ ಪಾಡನ್ನೂ ಹೇಳಬೇಕು. ನಾವು ಕೆಲಸ ಮಾಡುತ್ತಿದ್ದ ಬ್ರಾಂಚನ್ನು ಇನ್ನೊಬ್ಬರು ರಿಬೇಸ್ ಮಾಡಿ ಫೋರ್ಸ್ ಪುಶ್ ಮಾಡಿದರೆ, ಮರ್ಜ್ ರೂಪದ ಪುಲ್ ಹಳೆಯ ಕಮಿಟ್‌ಗಳನ್ನೂ ಹೊಸ ರೂಪದ ಅವೇ ಕಮಿಟ್‌ಗಳನ್ನೂ ಕೂಡಿಸಿ, ಒಂದೇ ಬದಲಾವಣೆ ಇತಿಹಾಸದಲ್ಲಿ ಎರಡೆರಡು ಸಲ ಕಾಣುವಂತೆ ಮಾಡುತ್ತದೆ. ನಮ್ಮದೇನೂ ಹೊಸ ಕೆಲಸ ಇಲ್ಲದಿದ್ದರೆ ಫೆಚ್ ಮಾಡಿ, ಹಾರ್ಡ್ ರಿಸೆಟ್‌ನಿಂದ ಸರ್ವರಿನ ಸ್ಥಿತಿಗೇ ಬಂದುಬಿಡುವುದು ಸರಿ. ಇದ್ದರೆ, ‘ಆಂಟು’ ಆಯ್ಕೆಯ ರಿಬೇಸ್‌ನಿಂದ ನಮ್ಮ ಕಮಿಟ್‌ಗಳನ್ನಷ್ಟೇ ಎತ್ತಿ ಹೊಸದರ ಮೇಲಿಡಬೇಕು. ಏನೇ ತಪ್ಪಿದರೂ ರೆಫ್‌ಲಾಗ್ ಇದೆ. ಯಾವ ಬ್ರಾಂಚಿನಲ್ಲೂ ಇಲ್ಲದಂತಾದ ಕಮಿಟ್‌ಗಳ ದಾಖಲೆ ಅದರಲ್ಲಿ ಸಾಮಾನ್ಯವಾಗಿ 30 ದಿನ, ಉಳಿದವುಗಳದು 90 ದಿನ ಇರುತ್ತದೆ. ಕಮಿಟ್ ಮಾಡಿದ ಕೆಲಸ ಗಿಟ್‌ನಲ್ಲಿ ಅಷ್ಟು ಸುಲಭವಾಗಿ ಕಳೆಯುವುದಿಲ್ಲ. ಕಮಿಟ್ ಮಾಡದ ಕೆಲಸಕ್ಕೆ ಈ ರಕ್ಷಣೆ ಇಲ್ಲ, ಹಾಗಾಗಿ ಹಾರ್ಡ್ ರಿಸೆಟ್ ಹೊಡೆಯುವ ಮೊದಲು ಸ್ಟೇಟಸ್ ನೋಡುವುದು ಕಡ್ಡಾಯ.

ಕಾನ್‌ಫ್ಲಿಕ್ಟ್ ಬಗ್ಗೆ ಜನ ಹೆದರುತ್ತಾರೆ. ಹೆದರಬೇಕಾದ್ದು ಬೇರೆಯದಕ್ಕೆ. ಗಿಟ್ ತೋರಿಸುವ ಕಾನ್‌ಫ್ಲಿಕ್ಟ್ ಕಣ್ಣೆದುರು ಇರುತ್ತದೆ, ಬಿಡಿಸದೆ ಮುಂದೆ ಹೋಗಲಾಗದು. ಅದನ್ನು ಹಗುರ ಮಾಡುವ ಉಪಾಯಗಳಿವೆ. ಇಬ್ಬರ ಸಾಲುಗಳ ಜೊತೆಗೆ ಇಬ್ಬರೂ ತಿದ್ದುವ ಮೊದಲು ಅಲ್ಲಿ ಏನಿತ್ತು ಎಂದು ತೋರಿಸುವ ‘ಡಿಫ್ 3’ ಶೈಲಿ, 2022ರಲ್ಲಿ ಬಂದ ಅದರ ಚೊಕ್ಕ ರೂಪ ‘ಝಡ್ ಡಿಫ್ 3’ ಇವನ್ನು ಹಾಕಿಕೊಂಡವರು ಮತ್ತೆ ಹಳೆಯದಕ್ಕೆ ಹೋಗುವುದಿಲ್ಲ. ಒಮ್ಮೆ ಬಿಡಿಸಿದ ಕಾನ್‌ಫ್ಲಿಕ್ಟನ್ನು ನೆನಪಿಟ್ಟು, ಅದೇ ಮತ್ತೆ ಬಂದರೆ ತಾನೇ ಬಿಡಿಸುವ ‘ರೆರೆರೆ’ ಎಂಬ ಸೌಲಭ್ಯ ಇದ್ದೂ ಇಲ್ಲದಂತೆ ಮೂಲೆಯಲ್ಲಿದೆ. ದಿನವೂ ರಿಬೇಸ್ ಮಾಡುವವರು ಅದನ್ನು ಚಾಲೂ ಮಾಡಿಕೊಳ್ಳಲೇಬೇಕು. ರಿಬೇಸ್ ನಡುವೆ ಇನ್ನೊಂದು ಎಡವುವ ಕಲ್ಲಿದೆ. ಮರ್ಜ್‌ನಲ್ಲಿ ‘ಅವರ್ಸ್’ ಎಂದರೆ ನಮ್ಮ ಬ್ರಾಂಚ್. ರಿಬೇಸ್‌ನಲ್ಲಿ ಅದು ಮೇನ್ ಕಡೆಯದು, ನಮ್ಮ ಕಮಿಟ್ ‘ದೇರ್ಸ್’ ಆಗುತ್ತದೆ, ಏಕೆಂದರೆ ಗಿಟ್ ಮೇನ್ ಮೇಲೆ ನಿಂತು ನಮ್ಮ ಕಮಿಟನ್ನು ಹೊರಗಿನಿಂದ ತಂದು ಹಚ್ಚುತ್ತಿರುತ್ತದೆ. ಇದು ತಿಳಿಯದೆ ಬಟನ್ ಒತ್ತಿ ತಮ್ಮದೇ ಕೆಲಸ ಬಿಸಾಡಿದವರು ಪ್ರತಿ ತಂಡದಲ್ಲೂ ಸಿಗುತ್ತಾರೆ.

ನಿಜವಾದ ಭಯ, ಕಾನ್‌ಫ್ಲಿಕ್ಟ್ ಇಲ್ಲದೆಯೇ ಕೂಡಿಕೊಂಡು ತಪ್ಪಾಗುವ ಕೋಡ್. ಬಿಲ್ ಲೆಕ್ಕ ಹಾಕುವ ಒಂದು ಪ್ರೋಗ್ರಾಂ ತೆಗೆದುಕೊಳ್ಳಿ. ಒಬ್ಬರು ತಮ್ಮ ಬ್ರಾಂಚಿನಲ್ಲಿ ಒಟ್ಟು ಮೊತ್ತವನ್ನು ರೂಪಾಯಿಯಿಂದ ಪೈಸೆಗೆ ಬದಲಿಸಿದ್ದಾರೆ, ದಶಾಂಶದ ತಾಪತ್ರಯ ತಪ್ಪಲಿ ಎಂದು. ಇನ್ನೊಬ್ಬರು ತಮ್ಮ ಬ್ರಾಂಚಿನಲ್ಲಿ, ಬೇರೊಂದು ಫೈಲಿನಲ್ಲಿ, ತಡವಾಗಿ ಕಟ್ಟಿದವರಿಗೆ ಮೊತ್ತಕ್ಕೆ 50 ಸೇರಿಸುವ ಸಾಲು ಬರೆದಿದ್ದಾರೆ. ಎರಡೂ ಬೇರೆಬೇರೆಯಾಗಿ ಸರಿ, ಎರಡರ ಪರೀಕ್ಷೆಗಳೂ ಪಾಸ್. ಗಿಟ್ ಸಾಲುಗಳನ್ನು ಮಾತ್ರ ನೋಡುತ್ತದೆ, ಸಾಲುಗಳು ಒಂದನ್ನೊಂದು ಮುಟ್ಟಿಲ್ಲ, ಮರ್ಜ್ ಸಲೀಸಾಗಿ ಆಗುತ್ತದೆ. ಮರುದಿನದಿಂದ 50 ರೂಪಾಯಿ ದಂಡ 50 ಪೈಸೆಯಾಗುತ್ತದೆ. ಇದಕ್ಕೆ ಮರ್ಜ್ ಮಾಡಿದಿರೋ ರಿಬೇಸ್ ಮಾಡಿದಿರೋ ಎಂಬುದು ಸಂಬಂಧವೇ ಇಲ್ಲ. ಕೂಡಿಸಿದ ಮೇಲೆ ಪರೀಕ್ಷೆಗಳನ್ನು ಇನ್ನೊಮ್ಮೆ ಓಡಿಸಿದರೆ, ಅದೂ ಎರಡನ್ನೂ ಒಟ್ಟಿಗೆ ಪರೀಕ್ಷಿಸುವ ಟೆಸ್ಟ್ ಇದ್ದರೆ, ಮಾತ್ರ ಸಿಕ್ಕಿಬೀಳುತ್ತದೆ. ರಸ್ಟ್ ಕಂಪೈಲರ್ ತಂಡ ಬೋರ್ಸ್ ಎಂಬ ಬಾಟ್ ಬಳಸುವುದು ಈ ಕಾರಣಕ್ಕೆ: ಬದಲಾವಣೆಯನ್ನು ಇತ್ತೀಚಿನ ಮುಖ್ಯ ಬ್ರಾಂಚಿಗೆ ಕೂಡಿಸಿ ನೋಡಿ, ಆ ಕೂಡಿದ ರೂಪ ಪರೀಕ್ಷೆಯಲ್ಲಿ ಪಾಸಾದರೆ ಮಾತ್ರ ಒಳಗೆ ಬಿಡುತ್ತದೆ. ಗಿಟ್‌ಹಬ್ 2023ರಲ್ಲಿ ಎಲ್ಲರಿಗೂ ತೆರೆದ ಮರ್ಜ್ ಕ್ಯೂ ಕೂಡ ಇದೇ ವಿಚಾರದ್ದು. ಸಿಂಕ್‌ನ ಹೊರೆಯನ್ನು ಪ್ರತಿಯೊಬ್ಬರ ಲ್ಯಾಪ್‌ಟಾಪಿನಿಂದ ಸರ್ವರಿಗೆ ಸಾಗಿಸುವ ಈ ದಾರಿ ದೊಡ್ಡ ತಂಡಗಳಿಗೆ ಅನಿವಾರ್ಯ ಎನ್ನುವುದು ನನ್ನ ಅಭಿಪ್ರಾಯ.

ಪಿಆರ್ ಒಳಗೆ ಹೋದ ಮೇಲೂ ನಮ್ಮ ಯಂತ್ರದಲ್ಲಿ ಕೆಲಸ ಉಳಿದಿರುತ್ತದೆ. ಸ್ಕ್ವಾಶ್ ಮರ್ಜ್ ರೂಢಿಯಿರುವ ತಂಡಗಳಲ್ಲಿ ನಮ್ಮ ಏಳೆಂಟು ಕಮಿಟ್‌ಗಳು ಒಂದೇ ಹೊಸ ಕಮಿಟ್ ಆಗಿ ಮೇನ್ ಸೇರುತ್ತವೆ. ನಮ್ಮ ಹಳೆಯ ಬ್ರಾಂಚಿಗೆ ಅದು ತನ್ನದೇ ಎಂದು ಗೊತ್ತಾಗುವುದಿಲ್ಲ. ಅಳಿಸಹೋದರೆ ಇದು ಮರ್ಜ್ ಆಗಿಲ್ಲ ಎಂದು ಗಿಟ್ ತಡೆಯುತ್ತದೆ. ಅದೇ ಬ್ರಾಂಚಿನಲ್ಲಿ ಮುಂದಿನ ಕೆಲಸ ಹಚ್ಚಿಕೊಂಡರಂತೂ ಮುಗಿಸಿದ ಕೆಲಸವೇ ಮತ್ತೆ ಕಾನ್‌ಫ್ಲಿಕ್ಟ್ ಆಗಿ ಎದುರು ಬರುತ್ತದೆ. ಸ್ಕ್ವಾಶ್ ಆದ ಬ್ರಾಂಚನ್ನು ಅಳಿಸಿ, ಹೊಸ ಮೇನ್‌ನಿಂದ ಹೊಸ ಬ್ರಾಂಚ್ ತೆಗೆಯುವುದೊಂದೇ ಸರಿಯಾದ ದಾರಿ. ಒಂದರ ಮೇಲೊಂದು ನಿಂತ ಬ್ರಾಂಚುಗಳಿದ್ದರೆ 2022ರ 2.38ನೇ ಆವೃತ್ತಿಯಲ್ಲಿ ಬಂದ ‘ಅಪ್‌ಡೇಟ್ ರೆಫ್ಸ್’ ನೆರವಾಗುತ್ತದೆ. ಮೇಲಿನದನ್ನು ರಿಬೇಸ್ ಮಾಡಿದರೆ ನಡುವಿನ ಬ್ರಾಂಚುಗಳೂ ಜೊತೆಗೆ ಸರಿಯುತ್ತವೆ. ಫೋರ್ಕ್ ಇಟ್ಟುಕೊಂಡವರಿಗೆ ಒರಿಜಿನ್ ಜೊತೆ ಅಪ್‌ಸ್ಟ್ರೀಮ್ ಎಂಬ ಎರಡನೇ ರಿಮೋಟ್ ಸೇರುತ್ತದೆ, ಸೂತ್ರ ಬದಲಾಗುವುದಿಲ್ಲ: ಅಪ್‌ಸ್ಟ್ರೀಮ್‌ನಿಂದ ಫೆಚ್, ಒರಿಜಿನ್‌ಗೆ ಪುಶ್, ಫೋರ್ಕಿನ ಮೇನ್ ಮೇಲೆ ಸ್ವಂತ ಕಮಿಟ್ ಹಾಕದಿರುವುದು.

ಇಷ್ಟೆಲ್ಲ ಉಪಾಯಗಳಿದ್ದರೂ ಬ್ರಾಂಚ್ ಹಳೆಯದಾದಷ್ಟು ಸಂಕಟ ಹೆಚ್ಚುತ್ತದೆ. 2010ರಲ್ಲಿ ವಿನ್ಸೆಂಟ್ ಡ್ರೀಸೆನ್ ಮುಂದಿಟ್ಟ ಗಿಟ್ ಫ್ಲೊ ಮಾದರಿಯಲ್ಲಿ ದೀರ್ಘಾಯುಷ್ಯದ ಡೆವಲಪ್ ಬ್ರಾಂಚಿನ ಜೊತೆಗೆ ರಿಲೀಸ್, ಹಾಟ್‌ಫಿಕ್ಸ್ ಎಂದು ಹಲವು ಬಗೆಯ ಬ್ರಾಂಚುಗಳಿದ್ದವು. ಅದು ಎಷ್ಟೋ ಕಂಪನಿಗಳಲ್ಲಿ ಶಾಸನದಂತಾಯಿತು. 2020ರಲ್ಲಿ ಡ್ರೀಸೆನ್ ಅವರೇ, ನಿರಂತರ ಬಿಡುಗಡೆಯಾಗುವ ವೆಬ್ ಸಾಫ್ಟ್‌ವೇರಿಗೆ ಇನ್ನೂ ಸರಳವಾದ ಪದ್ಧತಿ ಸಾಕು ಎಂದು ಟಿಪ್ಪಣಿ ಸೇರಿಸಿದರು. ಅದರ ಎದುರು ತುದಿಯಲ್ಲಿ ಗೂಗಲ್ ಇದೆ. 2016ರಲ್ಲಿ ರೇಚಲ್ ಪಾಟ್ವಿನ್ ಮತ್ತು ಜೋಶ್ ಲೆವೆನ್‌ಬರ್ಗ್ ಪ್ರಕಟಿಸಿದ ಲೇಖನದ ಪ್ರಕಾರ ಅಲ್ಲಿ ಸುಮಾರು 200 ಕೋಟಿ ಸಾಲು ಕೋಡ್ ಒಂದೇ ರೆಪೊದಲ್ಲಿತ್ತು. ಸುಮಾರು 25,000 ಎಂಜಿನಿಯರುಗಳಲ್ಲಿ ಬಹುತೇಕರು ಒಂದೇ ಕಾಂಡದ ತುದಿಯಲ್ಲಿ ಕೆಲಸ ಮಾಡುತ್ತಿದ್ದರು. ಅದು ಗಿಟ್ ಅಲ್ಲ, ಅವರದೇ ಪೈಪರ್ ವ್ಯವಸ್ಥೆ. ಆದರೂ ಪಾಠ ನಮಗೆ ಸಲ್ಲುತ್ತದೆ: ಪೂರ್ತಿಯಾಗದ ಕೆಲಸವನ್ನು ಬ್ರಾಂಚಿನಲ್ಲಿ ಬಚ್ಚಿಡುವ ಬದಲು ಫ್ಲ್ಯಾಗ್ ಹಿಂದೆ ಆರಿಸಿಟ್ಟು ಮೇನ್ ಸೇರಿಸಬಹುದು. ಕ್ರೋಮಿಯಂ ತಂಡ ತನ್ನ ಉಪಕರಣಗಳಲ್ಲಿ ‘ಗಿಟ್ ರಿಬೇಸ್ ಅಪ್‌ಡೇಟ್’ ಎಂಬುದನ್ನೇ ಇಟ್ಟುಕೊಂಡಿದೆ. ಒಂದೇ ಏಟಿಗೆ ಫೆಚ್ ಮಾಡಿ, ಸ್ಥಳೀಯ ಬ್ರಾಂಚುಗಳನ್ನೆಲ್ಲ ಹೊಸದರ ಮೇಲೆ ಕೂರಿಸಿ, ಒಳಗೆ ಸೇರಿಹೋದವನ್ನು ಅದು ತೆಗೆದುಹಾಕುತ್ತದೆ.

ಬೆಂಗಳೂರಿನಲ್ಲಿ ಕೂತು ಕ್ಯಾಲಿಫೋರ್ನಿಯಾದ ತಂಡದೊಂದಿಗೆ ಕೆಲಸ ಮಾಡುವವರಿಗೆ ಈ ವಯಸ್ಸಿನ ಮಾತು ಇನ್ನೂ ತೀವ್ರ. ನಡುವಿನ ಅಂತರ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ. ನಾವು ಮಲಗಿದ್ದಾಗ ಅವರ ಇಡೀ ದಿನದ ಕೆಲಸ ಮೇನ್ ಸೇರಿರುತ್ತದೆ. ಬೆಳಿಗ್ಗೆ ಫೆಚ್ ಮಾಡದೆ ಶುರುಮಾಡಿದವರು ನಿನ್ನೆಯ ಕೋಡ್ ಮೇಲೆ ಕಟ್ಟುತ್ತಾರೆ. ಕಾನ್‌ಫ್ಲಿಕ್ಟ್ ಕಂಡಾಗ ಕೇಳೋಣವೆಂದರೆ ಬರೆದವರು ಅಲ್ಲಿ ನಿದ್ದೆಯಲ್ಲಿರುತ್ತಾರೆ. ಇಂಥ ತಂಡಗಳಲ್ಲಿ ಕಮಿಟ್ ಸಂದೇಶದಲ್ಲಿ ಕಾರಣ ಬರೆಯುವುದು ಶಿಷ್ಟಾಚಾರಕ್ಕಷ್ಟೇ ಸೇರಿದ್ದಲ್ಲ, ಬರೆದವರಿಲ್ಲದ ಹೊತ್ತಿನಲ್ಲಿ ಅವರ ಪರವಾಗಿ ಮಾತಾಡುವುದು ಅದೊಂದೇ.

ಕನ್ನಡಕ್ಕೆ ನೇರವಾಗಿ ಸಂಬಂಧಿಸಿದ, ತೊಡಕನ್ನು ಬುಡದಲ್ಲೇ ತಪ್ಪಿಸಿದ ಒಂದು ಉದಾಹರಣೆ ವಿಕಿಪೀಡಿಯಾ ಹಿಂದಿರುವ ಮೀಡಿಯಾವಿಕಿ ತಂತ್ರಾಂಶದಲ್ಲಿದೆ. ಅದರ ಕನ್ನಡ ಸಂದೇಶಗಳೆಲ್ಲ ಕೆಎನ್ ಡಾಟ್ ಜೇಸನ್ ಎಂಬ ಹೆಸರಿನ ಫೈಲುಗಳಲ್ಲಿರುತ್ತವೆ. ಅನುವಾದಕರು ಗಿಟ್ ಮುಟ್ಟದೆ ಟ್ರಾನ್ಸ್‌ಲೇಟ್‌ವಿಕಿ ತಾಣದಲ್ಲಿ ಕೆಲಸ ಮಾಡುತ್ತಾರೆ, ಅವರ ಕೆಲಸವನ್ನು ಬಾಟ್ ಒಂದು ಹಂಚಿಕೊಂಡ ರೆಪೊಗೆ ಕಮಿಟ್ ಮಾಡುತ್ತದೆ. ಕೋಡ್ ಬರೆಯುವವರು ಇಂಗ್ಲಿಷ್ ಸಂದೇಶಗಳನ್ನೂ ಅವುಗಳ ವಿವರಣೆಯ ಫೈಲನ್ನೂ ಮಾತ್ರ ತಿದ್ದಬೇಕು, ಉಳಿದ ಭಾಷೆಗಳ ಫೈಲುಗಳಿಗೆ ಕೈ ಹಾಕಬಾರದು ಎಂಬುದು ನಿಯಮ. ಒಂದು ಫೈಲಿಗೆ ಒಬ್ಬರೇ ಬರೆಯುವವರು ಎಂದು ಮೊದಲೇ ಗೊತ್ತುಮಾಡಿದ್ದರಿಂದ ನೂರಾರು ಭಾಷೆಗಳು ಕಾನ್‌ಫ್ಲಿಕ್ಟ್ ಇಲ್ಲದೆ ಕೂಡಿಕೊಳ್ಳುತ್ತವೆ.

ಕೊನೆಗೆ, ಇದನ್ನೆಲ್ಲ ಕಲಿಸುವ ಮಾತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ 2022ರ ಸ್ಕೀಮ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಮೂರನೇ ಸೆಮಿಸ್ಟರಿಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಪ್ರಯೋಗ ಪಾಠ ತಂದಿದೆ. ರಿಮೋಟ್ ರೆಪೊದಿಂದ ಹೊಸ ಬದಲಾವಣೆ ಫೆಚ್ ಮಾಡಿ, ಸ್ಥಳೀಯ ಬ್ರಾಂಚನ್ನು ಅದರ ಮೇಲೆ ರಿಬೇಸ್ ಮಾಡುವುದು ಅದರ ಪ್ರಯೋಗಗಳಲ್ಲಿ ಒಂದು. ಪುಲ್ ಬದಲು ಫೆಚ್‌ನಿಂದ ಶುರುಮಾಡಿರುವುದು ಸರಿಯಾದ ಆಯ್ಕೆ. ಆದರೆ ಒಬ್ಬ ವಿದ್ಯಾರ್ಥಿ ಒಂದು ಯಂತ್ರದ ಮುಂದೆ ಕೂತು ಆಜ್ಞೆಗಳನ್ನು ಟೈಪ್ ಮಾಡಿ ರೆಕಾರ್ಡ್ ಬರೆದರೆ ದಾರಿ ಕವಲೊಡೆಯುವುದೇ ಇಲ್ಲ, ಕಲಿಯಬೇಕಾದ್ದೂ ಎದುರಾಗುವುದಿಲ್ಲ. ಲ್ಯಾಬ್ ನಡೆಸುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೆ: ಮೂವರಿಗೆ ಒಂದೇ ರೆಪೊ ಕೊಡಿ, ಒಂದೇ ಫೈಲನ್ನು ತಿದ್ದಲು ಹೇಳಿ, ಒಬ್ಬರ ಪುಶ್ ತಿರಸ್ಕಾರವಾಗುವವರೆಗೆ ಕಾಯಿರಿ. ಪಾಠವನ್ನು ಅಲ್ಲಿಂದ ಶುರುಮಾಡಿ.